ಕಪಾಟಿನಿಂದ ಕೌದಿಯವರೆಗೆ: ಮಲಗುವ ಹೊತ್ತಿನ ಚಿತ್ರಪುಸ್ತಕಗಳು

ಈಗಷ್ಟೇ ಅಂಗನವಾಡಿಯ ಹೊಸ್ತಿಲು ದಾಟಿದ ಕೂಸಿಗೆ ರಾತ್ರಿ ಮಲಗಿಸುವಾಗ ತೋರಿಸಿ ಓದಿ ಹೇಳಲು ಕನ್ನಡದಲ್ಲಿ ಒಳ್ಳೆಯ ಚಿತ್ರಪುಸ್ತಕಗಳಿವೆಯೇ? ಮೂವತ್ತು ವರ್ಷಗಳ ಹಿಂದೆ ಯಾರಾದರೂ ಹೀಗೆ ಕೇಳಿದ್ದರೆ ಬೆರಳೆಣಿಕೆಯ ಹೆಸರು ಹೇಳಿ ಸುಮ್ಮನಾಗಬೇಕಿತ್ತು. ಇಂದು ಧೈರ್ಯವಾಗಿ 'ಇವೆ' ಎನ್ನಬಹುದು. ಆದರೆ ರಾತ್ರಿ ಊಟ ಮುಗಿದು, ಪಡಸಾಲೆಯಲ್ಲಿ ಹಾಸಿಗೆ ಹಾಸಿ, ಮಕ್ಕಳು ಕೌದಿಯೊಳಗೆ ಸೇರಿಕೊಂಡ ಹೊತ್ತಿಗೆ ಅವುಗಳಲ್ಲಿ ಒಂದಾದರೂ ಕೈಗೆ ಸಿಗುತ್ತದೆಯೇ ಎಂದು ಹಾವೇರಿಯಲ್ಲೋ ರಾಣೆಬೆನ್ನೂರಿನಲ್ಲೋ ಬ್ಯಾಡಗಿಯಲ್ಲೋ ನಿಂತು ಕೇಳಿದರೆ, ಅಷ್ಟೇ ಧೈರ್ಯವಾಗಿ ಉತ್ತರ ಹೇಳಲಾಗುವುದಿಲ್ಲ.

ಹುಬ್ಬಳ್ಳಿಯಿಂದ ದಾವಣಗೆರೆಯ ಕಡೆಗೆ ರೈಲಿನಲ್ಲಿ ಹೊರಟರೆ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಸಾಲಾಗಿ ಬರುತ್ತವೆ. 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರೆಯಾದ ಹಾವೇರಿ ಜಿಲ್ಲೆಯ ಮೂರು ಊರುಗಳಿವು. ಏಲಕ್ಕಿ ಮಾಲೆಗೆ ಹೆಸರಾದ ಹಾವೇರಿಯಲ್ಲಿ ಕಚೇರಿ, ಆಸ್ಪತ್ರೆ, ಕಾಲೇಜುಗಳಿವೆ. ರಾಣೆಬೆನ್ನೂರು ಜಿಲ್ಲಾ ಕೇಂದ್ರಕ್ಕಿಂತ ದೊಡ್ಡದು. 2011ರ ಜನಗಣತಿಯಲ್ಲೇ ಒಂದು ಲಕ್ಷ ದಾಟಿದ ಈ ಊರು ಬೀಜ ವ್ಯಾಪಾರದ ಊರು. ಸುತ್ತಲ ಹೊಲಗಳಲ್ಲಿ ಹೈಬ್ರಿಡ್ ಬೀಜಕ್ಕಾಗಿ ಹೂವಿನಿಂದ ಹೂವಿಗೆ ಪರಾಗ ಮುಟ್ಟಿಸುವ ಕ್ರಾಸಿಂಗ್ ಕೆಲಸಕ್ಕೆ ಹೆಣ್ಣುಮಕ್ಕಳು ನಸುಕಿಗೇ ಹೊರಡುತ್ತಾರೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ಹಂಗಾಮು ಬಂತೆಂದರೆ ತೊಟ್ಟು ಬಿಡಿಸುವ ಕೆಲಸ ದಿನವಿಡೀ ನಡೆಯುತ್ತದೆ. ಮಲಗುವ ಹೊತ್ತಿನ ಪುಸ್ತಕದ ವಿಚಾರ ಮಾಡುವವರು ಮೊದಲು ಈ ದುಡಿಮೆಯನ್ನು ಕಣ್ಣಮುಂದೆ ಇಟ್ಟುಕೊಳ್ಳಬೇಕು. ಪುಸ್ತಕ ಹೋಗಿ ಸೇರಬೇಕಾದದ್ದು ಇಂಥ ದಿನ ಮುಗಿಸಿ ಬಂದ ತಾಯಿಯ ಮನೆಗೆ.

ರಾತ್ರಿ ಕತೆಯ ಹಳೆಯ ಏರ್ಪಾಡು

ಈ ಸೀಮೆಯ ರಾತ್ರಿಗಳಿಗೆ ಕತೆ ಹೊಸತಲ್ಲ. ತೊಟ್ಟಿಲಿಗೆ ಜೋಗುಳವಿತ್ತು. ತೊಟ್ಟಿಲು ದಾಟಿದ ಮಕ್ಕಳಿಗೆ ಕಾಗಕ್ಕ ಗುಬ್ಬಕ್ಕನ ಕತೆ, ಹುಲಿಗೆ ಕೊಟ್ಟ ಮಾತು ಉಳಿಸಿಕೊಂಡ ಪುಣ್ಯಕೋಟಿಯ ಕತೆ, ಸಣ್ಣ ಸೊಸೆಯ ಜಾಣತನದ ಕತೆಗಳಿದ್ದವು. ಹೇಳುವ ಅಜ್ಜಿ ಸುಮ್ಮನೆ ಹೇಳುತ್ತಿರಲಿಲ್ಲ. ಕೇಳುವವರು 'ಹೂಂ' ಅನ್ನಬೇಕಿತ್ತು. ಹೂಂಗುಟ್ಟುವ ದನಿ ಗಟ್ಟಿಯಾಗಿದ್ದರೆ ಕತೆಗೆ ರೆಕ್ಕೆಪುಕ್ಕ ಬರುತ್ತಿತ್ತು, ದನಿ ಇಳಿದರೆ ಕತೆಯೂ ಇಳಿಯುತ್ತಿತ್ತು, ಹೂಂ ನಿಂತರೆ ಕೂಸಿಗೆ ನಿದ್ದೆ ಹತ್ತಿತೆಂದು ಅಜ್ಜಿ ದೀಪ ಸಣ್ಣದು ಮಾಡುತ್ತಿದ್ದಳು. ಕೇಳುವವರ ಮೇಲೆ ಕಣ್ಣಿಟ್ಟು ಕತೆಯನ್ನು ಹಿಗ್ಗಿಸುವ, ಕುಗ್ಗಿಸುವ ಈ ಜಾಣ್ಮೆಯನ್ನು ಅಕ್ಷರ ಕಲಿಯದ ಹೆಂಗಸರು ತಲೆಮಾರಿನಿಂದ ತಲೆಮಾರಿಗೆ ದಾಟಿಸಿಕೊಂಡು ಬಂದರು.

ಕತ್ತಲೆಯಲ್ಲಿ ಚಿತ್ರ ನೋಡುತ್ತಾ ಕತೆ ಕೇಳುವ ರೂಢಿಯೂ ನಮ್ಮಲ್ಲಿತ್ತು. ಕಿಳ್ಳೇಕ್ಯಾತರು ಊರ ಬಯಲಲ್ಲಿ ಪರದೆ ಕಟ್ಟಿ, ಹಿಂದೆ ದೀಪ ಹಚ್ಚಿ, ಬಣ್ಣದ ತೊಗಲು ಗೊಂಬೆಗಳಿಂದ ರಾಮಾಯಣ, ಮಹಾಭಾರತ ಆಡಿಸುತ್ತಿದ್ದರು. ಅವ್ವನ ಮಡಿಲಲ್ಲಿ ಕೂತು ನೋಡುತ್ತಲೇ ನಿದ್ದೆಹೋದ ಮಕ್ಕಳ ಪಾಲಿಗೆ ಬೆಳಕು, ಬಣ್ಣ, ದನಿ, ಮಡಿಲು ಒಟ್ಟಿಗೆ ಇದ್ದವು. ಗಿರೀಶ ಕಾರ್ನಾಡರು 'ನಾಗಮಂಡಲ'ದ ಆರಂಭದಲ್ಲಿ ಮನೆಮನೆಯ ದೀಪಗಳು ರಾತ್ರಿ ಪಾಳು ಗುಡಿಯಲ್ಲಿ ಸೇರಿ ಕತೆ ಹೇಳಿಕೊಳ್ಳುವುದನ್ನು ತೋರಿಸಿದ್ದಾರೆ. ಎ. ಕೆ. ರಾಮಾನುಜನ್ ಕನ್ನಡದ ಮನೆಗಳಲ್ಲಿ ಸಂಗ್ರಹಿಸಿದ ಜನಪದ ಕತೆಗಳು ಆ ನಾಟಕಕ್ಕೆ ಮೂಲ. ಹೇಳದೆ ಉಳಿದ ಕತೆ ಸೇಡು ತೀರಿಸಿಕೊಳ್ಳುತ್ತದೆ ಎಂಬ ನಂಬಿಕೆಯೂ ಅಂಥದೇ ಒಂದು ಕತೆಯಲ್ಲಿದೆ.

ಈಗ ಆ ಏರ್ಪಾಡು ಸಡಿಲವಾಗಿದೆ. ಅಜ್ಜಿ ಹಳ್ಳಿಯಲ್ಲಿ, ಮೊಮ್ಮಗು ರಾಣೆಬೆನ್ನೂರಿನ ಬಾಡಿಗೆ ಮನೆಯಲ್ಲಿ. ಅಜ್ಜಿ ಜೊತೆಗಿದ್ದರೂ ಟಿ.ವಿ. ಧಾರಾವಾಹಿಯ ಹೊತ್ತು ಮತ್ತು ಕೂಸಿನ ನಿದ್ದೆಯ ಹೊತ್ತು ಒಂದೇ. ಅಳುವ ಮಗುವಿನ ಕೈಗೆ ಮೊಬೈಲು ಕೊಡುವ ಅಭ್ಯಾಸ ಊರು ಹಳ್ಳಿಯೆನ್ನದೆ ಹಬ್ಬಿದೆ. ಖಾಲಿಯಾದ ಈ ಜಾಗದಲ್ಲಿ ಚಿತ್ರಪುಸ್ತಕಕ್ಕೆ ಕೆಲಸವಿದೆ. ಮರೆತ ಕತೆಯನ್ನು ಅಜ್ಜಿಯ ಬಾಯಿಗೆ ಮರಳಿಸಬಲ್ಲ, ಕತೆ ಗೊತ್ತಿಲ್ಲದ ಅಪ್ಪನಿಗೂ ಒಂದು ದಾರಿ ತೋರಿಸಬಲ್ಲ ಪುಸ್ತಕ ಬೇಕಾಗಿದೆ.

ಪದ್ಯ ಬೆಳೆಯಿತು, ಚಿತ್ರ ಹಿಂದೆ ಉಳಿಯಿತು

ಕನ್ನಡದ ಶಿಶುಸಾಹಿತ್ಯ ಪದ್ಯದಲ್ಲಿ ಶ್ರೀಮಂತವಾದದ್ದು. 'ಕವಿಶಿಷ್ಯ' ಎಂಬ ಹೆಸರಲ್ಲಿ ಬರೆದ ಪಂಜೆ ಮಂಗೇಶರಾಯರು (1874–1937) ಮಂಗಳೂರಿನಲ್ಲಿ ಬಾಲ ಸಾಹಿತ್ಯ ಮಂಡಲ ಕಟ್ಟಿ ಮಕ್ಕಳಿಗಾಗಿಯೇ ಪುಸ್ತಕ ತರುವ ಕೆಲಸಕ್ಕೆ ಅಡಿಪಾಯ ಹಾಕಿದರು. ಕುವೆಂಪು ಅವರ ಕಿಂದರಿಜೋಗಿ, ಜಿ. ಪಿ. ರಾಜರತ್ನಂ ಅವರ ತುತ್ತೂರಿ, ದಿನಕರ ದೇಸಾಯಿ ಮತ್ತು ಸಿದ್ಧಯ್ಯ ಪುರಾಣಿಕರ ಶಿಶುಗೀತೆಗಳು ಓದು ಬಾರದ ಮನೆಗಳಿಗೂ ಬಾಯಿಂದ ಬಾಯಿಗೆ ತಲುಪಿದವು. ಶಿವರಾಮ ಕಾರಂತರು 1930ರ ದಶಕದಲ್ಲಿ 'ಬಾಲ ಪ್ರಪಂಚ' ಎಂಬ ಸಚಿತ್ರ ವಿಶ್ವಕೋಶವನ್ನೇ ಮಕ್ಕಳ ಮುಂದಿಟ್ಟರು. ರಾಣೆಬೆನ್ನೂರಿನಲ್ಲಿ 1923ರಲ್ಲಿ ಹುಟ್ಟಿದ ಸು. ರಂ. ಎಕ್ಕುಂಡಿ ಶಾಲಾ ಮಾಸ್ತರರಾಗಿದ್ದುಕೊಂಡೇ ಕಥನಕವನವನ್ನು ತಮ್ಮದೇ ದಾರಿಯಾಗಿಸಿಕೊಂಡರು. ಗಟ್ಟಿಯಾಗಿ ಓದಿ ಹೇಳಬಲ್ಲ ಕನ್ನಡ ಹೇಗಿರುತ್ತದೆಂದು ತಿಳಿಯಲು ಅವರ ಕವನಗಳು ಇಂದಿಗೂ ಒಳ್ಳೆಯ ಪಾಠ.

ಇಷ್ಟೆಲ್ಲ ಇದ್ದರೂ ಪುಟ ತುಂಬುವ ಚಿತ್ರ, ಪುಟಕ್ಕೆರಡು ಸಾಲು, ಹದಿನಾರೋ ಇಪ್ಪತ್ತನಾಲ್ಕೋ ಪುಟದಲ್ಲಿ ಮುಗಿಯುವ ಕತೆ ಎಂಬ ಪ್ರಕಾರ ಕನ್ನಡದಲ್ಲಿ ತಡವಾಗಿ ಕಣ್ಣುಬಿಟ್ಟಿತು. ಕಾರಣ ಬರಹಗಾರರ ಅಸಡ್ಡೆಯಲ್ಲ, ಮುದ್ರಣದ ಖರ್ಚು. ನಾಲ್ಕು ಬಣ್ಣದ ಅಚ್ಚಿಗೆ, ದಪ್ಪ ಕಾಗದಕ್ಕೆ, ಕಲಾವಿದರ ಸಂಭಾವನೆಗೆ ಹಾಕಿದ ಹಣ ಕಡಿಮೆ ಪ್ರತಿ ಅಚ್ಚು ಹಾಕಿದರೆ ಹಿಂದಿರುಗುವುದಿಲ್ಲ. ಗ್ರಂಥಾಲಯಗಳ ಸಗಟು ಖರೀದಿಯಲ್ಲಿ ಪುಟದ ಲೆಕ್ಕ ಹಿಡಿದು ಬೆಲೆ ಕಟ್ಟುವ ಪದ್ಧತಿ ಇನ್ನೂರು ಪುಟದ ಕಾದಂಬರಿಗೆ ಒಗ್ಗುತ್ತದೆ. ಹದಿನಾರು ಪುಟದಲ್ಲಿ ತಿಂಗಳುಗಟ್ಟಲೆ ದುಡಿಮೆ ತುಂಬಿದ ಚಿತ್ರಪುಸ್ತಕಕ್ಕೆ ಅದು ನ್ಯಾಯ ಒದಗಿಸಲಾರದು.

ಆ ಕೊರತೆಯನ್ನು ಕೆಲವು ಕಾಲ ಬೇರೆಯವರು ತುಂಬಿದರು. 1947ರಲ್ಲಿ ತೆಲುಗು ಮತ್ತು ತಮಿಳಿನಲ್ಲಿ ಶುರುವಾಗಿ ಮುಂದೆ ಕನ್ನಡಕ್ಕೂ ಬಂದ 'ಚಂದಮಾಮ' ಎಂ. ಟಿ. ವಿ. ಆಚಾರ್ಯ, ಶಂಕರ್ ಅವರಂಥ ಕಲಾವಿದರ ಕೈಚಳಕವನ್ನು ಹಳ್ಳಿ ಮನೆಗಳಿಗೂ ಒಯ್ದಿತು. ಆದರೆ ಅದು ಓದಲು ಕಲಿತ ಮಕ್ಕಳ ಪತ್ರಿಕೆ, ಬೇತಾಳನ ಕತೆಗಳು ಮೂರು ವರ್ಷದ ಕೂಸಿಗೆ ನಿದ್ದೆ ತರಿಸುವಂಥವಲ್ಲ. ಸೋವಿಯತ್ ದೇಶದಲ್ಲಿ ಅಚ್ಚಾದ ಅಗ್ಗದ, ಅಂದದ ಪುಸ್ತಕಗಳು ನವಕರ್ನಾಟಕ ಪ್ರಕಾಶನದ ಮೂಲಕ ನಮ್ಮ ಕಡೆಗೂ ಬಂದವು. 1957ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಬುಕ್ ಟ್ರಸ್ಟ್ ತನ್ನ ನೆಹರೂ ಬಾಲ ಪುಸ್ತಕಾಲಯ ಮಾಲೆಯ ಪುಸ್ತಕಗಳನ್ನು ಕನ್ನಡದಲ್ಲೂ ತಂದಿತು. ಸೋವಿಯತ್ ಒಕ್ಕೂಟ ಒಡೆದ ಮೇಲೆ ಒಂದು ಬಾಗಿಲು ಮುಚ್ಚಿತು. ಚಂದಮಾಮವೂ ಮುಂದೆ ನಿಂತುಹೋಯಿತು.

ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲಸಾಹಿತ್ಯಕ್ಕೆ ಪುರಸ್ಕಾರ ಕೊಡುತ್ತಿದೆ. ಕನ್ನಡದಲ್ಲಿ ಮೊದಲ ವರ್ಷ ಬೊಳುವಾರು ಮಹಮದ್ ಕುಂಞಿ ಅವರ ಪಾಪು ಗಾಂಧಿಯ ಕಥೆಗೆ, 2021ರಲ್ಲಿ ಬಸು ಬೇವಿನಗಿಡದ ಅವರ 'ಓಡಿ ಹೋದ ಹುಡುಗ'ಕ್ಕೆ, 2022ರಲ್ಲಿ ತಮ್ಮಣ್ಣ ಬೀಗಾರರ 'ಬಾವಲಿ ಗುಹೆ'ಗೆ ಅದು ಸಂದಿತು. ಒಳ್ಳೆಯ ಕೃತಿಗಳು, ಗೌರವವೂ ಸರಿಯಾಗಿಯೇ ಸಂದಿದೆ. ಆದರೆ ಇವೆಲ್ಲ ತಾವೇ ಓದಬಲ್ಲ ಮಕ್ಕಳ ಪುಸ್ತಕಗಳು. ಓದಿ ಹೇಳಿಸಿಕೊಳ್ಳುವ ವಯಸ್ಸಿನ ಕೂಸು ನಮ್ಮ ಬಹುಮಾನಗಳಲ್ಲಿ, ವಿಮರ್ಶೆಯಲ್ಲಿ, ಗೋಷ್ಠಿಗಳಲ್ಲಿ ಇನ್ನೂ ಗಣನೆಗೆ ಬಂದಿಲ್ಲ.

ಹೊಸ ಪುಸ್ತಕಗಳ ಕಾಲ

ತಿರುವು ಬಂದದ್ದು ಎರಡು ಕಡೆಯಿಂದ. ಚೆನ್ನೈಯ ತೂಲಿಕಾ 1996ರಲ್ಲಿ ಶುರುವಾಗಿ ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಚಿತ್ರಪುಸ್ತಕ ಮಾಡಿತು. ಒಂದೇ ಪುಟದಲ್ಲಿ ಕನ್ನಡ, ಇಂಗ್ಲಿಷ್ ಎರಡೂ ಇರುವ ಅದರ ದ್ವಿಭಾಷಾ ಪುಸ್ತಕಗಳು, ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳಿಸುವ ಪೇಟೆಯ ಮನೆಗಳಲ್ಲಿ ಕನ್ನಡವನ್ನು ಮಲಗುವ ಹೊತ್ತಿಗಾದರೂ ಉಳಿಸಬಲ್ಲವು. ಬೆಂಗಳೂರಿನ ಪ್ರಥಮ್ ಬುಕ್ಸ್ 2004ರಲ್ಲಿ ಹುಟ್ಟಿ ಕಡಿಮೆ ಬೆಲೆಯ, ಭಾರತದ ಮುಖಗಳೂ ಊರುಗಳೂ ಇರುವ ಪುಸ್ತಕಗಳನ್ನು ದೊಡ್ಡ ಸಂಖ್ಯೆಯಲ್ಲಿ ತಂದಿತು. 2015ರಲ್ಲಿ ಅದೇ ಸಂಸ್ಥೆ ತೆರೆದ ಸ್ಟೋರಿವೀವರ್ ಎಂಬ ಅಂತರಜಾಲ ಸಂಗ್ರಹದಲ್ಲಿ ನೂರಾರು ಕನ್ನಡ ಚಿತ್ರಕತೆಗಳನ್ನು ದುಡ್ಡಿಲ್ಲದೆ ಓದಬಹುದು, ಇಳಿಸಿಕೊಳ್ಳಬಹುದು. ಬರೆದವರ, ಚಿತ್ರ ಬಿಡಿಸಿದವರ ಹೆಸರು ಹಾಕಿ, ಪರವಾನಗಿಯನ್ನು ನಮೂದಿಸಿದರೆ ಯಾರು ಬೇಕಾದರೂ ಅವನ್ನು ಅನುವಾದಿಸಬಹುದು, ಅಚ್ಚು ಹಾಕಿಸಲೂಬಹುದು. ಈ ಅವಕಾಶ ಎಷ್ಟು ದೊಡ್ಡದೆಂದು ನಮ್ಮ ಜಿಲ್ಲೆಗಳು ಇನ್ನೂ ಪೂರ್ತಿ ಮನಗಂಡಿಲ್ಲ.

ಈ ಸಂಗ್ರಹದಲ್ಲಿ ನಿದ್ದೆಗೆ ಹೊಂದುವ ಕತೆಗಳೂ ಇವೆ. ಪ್ರೀತಿ ನಂಬಿಯಾರ್ ಬರೆದ, ನಿದ್ದೆ ಬಾರದ ಟಿಂಕು ಎಂಬ ನಾಯಿಮರಿಯ ಕತೆ ಅವುಗಳಲ್ಲೊಂದು. ಟಿಂಕು ರಾತ್ರಿ ಹೊರಗೆ ಅಡ್ಡಾಡಿ, ಕತ್ತಲೆಯಲ್ಲಿ ಎಚ್ಚರವಿರುವ ಪ್ರಾಣಿಗಳ ಗೆಳೆತನ ಮಾಡುತ್ತದೆ. ಕತ್ತಲೆಯೆಂದರೆ ಗುಮ್ಮ ಎಂದು ಹೆದರಿಸಿ ಮಲಗಿಸುವ ನಮ್ಮ ಹಳೆಯ ರೂಢಿಗೆ ಇಂಥ ಪುಸ್ತಕ ಹಿತವಾದ ಮದ್ದು. ಅಮೆರಿಕದ ಮಾರಿಸ್ ಸೆಂಡಾಕ್ 1963ರ ತಮ್ಮ ಹೆಸರಾಂತ ಪುಸ್ತಕದಲ್ಲಿ ಇದೇ ಮಾತನ್ನು ಇನ್ನೊಂದು ಬಗೆಯಲ್ಲಿ ಹೇಳಿದರು. ತಂಟೆ ಮಾಡಿ ಊಟವಿಲ್ಲದೆ ಕೋಣೆಗೆ ಹೋದ ಹುಡುಗ ಭಯಂಕರ ಮೃಗಗಳ ನಾಡಿಗೆ ಹೋಗಿ, ಅವುಗಳನ್ನು ಪಳಗಿಸಿ, ಅವುಗಳ ರಾಜನಾಗಿ ಮರಳಿದಾಗ ಬಿಸಿ ಊಟ ಕಾದಿರುತ್ತದೆ. ಭಯವನ್ನು ಮುಚ್ಚಿಡದೆ ಅದರೊಳಗಿಂದ ಮಗುವನ್ನು ಕೈಹಿಡಿದು ದಾಟಿಸುವ ಪುಸ್ತಕಗಳು ಕನ್ನಡಕ್ಕೆ ಇನ್ನಷ್ಟು ಬೇಕು.

ಹೊಸ ಪುಸ್ತಕಗಳಲ್ಲಿ ಕೊರತೆಯೂ ಉಂಟು. ಹಲವು ಅನುವಾದಗಳ ಕನ್ನಡ ಪಠ್ಯಪುಸ್ತಕದ ಕನ್ನಡ, ಬಾಯಲ್ಲಿ ಹೊರಳುವುದಿಲ್ಲ. 'ಮಕ್ಕೋ ನನ್ನಪ್ಪ' ಎಂದು ಕೂಸನ್ನು ತಟ್ಟುವ ತಾಯಿ 'ಅವನು ನಿದ್ರಿಸಲು ತೆರಳಿದನು' ಎಂದು ಓದಿದರೆ ಮಗುವಿಗೆ ಅವ್ವನ ಬಾಯಲ್ಲಿ ಪರಕೀಯರು ಮಾತಾಡಿದಂತೆ ಕೇಳುತ್ತದೆ. ಚಿತ್ರಗಳಲ್ಲಿ ಬೆಂಗಳೂರಿನ ಅಪಾರ್ಟ್‌ಮೆಂಟೋ ಉತ್ತರ ಭಾರತದ ಹಳ್ಳಿಯೋ ಕಾಣುತ್ತದೆ. ವರದೆಯ ದಂಡೆ, ಕೆಂಪು ಮೆಣಸಿನಕಾಯಿ ಹರವಿದ ಕಣ, ರಾಣೆಬೆನ್ನೂರಿನ ಕೃಷ್ಣಮೃಗ, ಬಂಡಿ, ಬಾಗಿಲ ಮುಂದಿನ ಕಟ್ಟೆ ಅಪರೂಪ. ದೂರದ ಊರನ್ನು ತೋರಿಸುವುದು ಪುಸ್ತಕದ ದೊಡ್ಡ ಗುಣ, ಅದು ಇರಲಿ. ಅದರ ಜೊತೆಗೆ ತನ್ನ ಮನೆಯೂ ಪುಸ್ತಕದಲ್ಲಿ ಬರುವಷ್ಟು ಯೋಗ್ಯವಾದದ್ದೆಂದು ಕೂಸಿಗೆ ತಿಳಿಯಬೇಕು.

ಅಧ್ಯಯನಗಳು ಹೇಳುವುದೇನು

ಮಲಗುವ ಹೊತ್ತಿನ ಓದನ್ನು ನಗರದ ಅನುಕೂಲಸ್ಥರ ಹವ್ಯಾಸವೆಂದು ತಳ್ಳಿಹಾಕುವವರಿದ್ದಾರೆ. ಮಕ್ಕಳ ನಿದ್ದೆ, ಮಾತು, ಬೆಳವಣಿಗೆಯ ಅಧ್ಯಯನಗಳು ಬೇರೆಯದನ್ನೇ ಹೇಳುತ್ತವೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ಒಂದೆರಡು ವರ್ಷದ ಮಗುವಿಗೆ ದಿನಕ್ಕೆ 11ರಿಂದ 14 ಗಂಟೆ, ಮೂರು ನಾಲ್ಕು ವರ್ಷದ ಮಗುವಿಗೆ 10ರಿಂದ 13 ಗಂಟೆ ನಿದ್ದೆ ಬೇಕು. ಒಂದು ವರ್ಷದ ಮಗುವಿಗೂ ಪರದೆ ಬೇಡ, ಎರಡರಿಂದ ನಾಲ್ಕರ ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ದಾಟಬಾರದು. ಮಗು ಕೂತಿರುವ ಹೊತ್ತಿನಲ್ಲಿ ಹಿರಿಯರು ಓದಿ ಹೇಳುವುದು, ಕತೆ ಹೇಳುವುದು ಒಳ್ಳೆಯದೆಂದು ಅದೇ ಮಾರ್ಗಸೂಚಿ ಹೇಳುತ್ತದೆ.

2015ರಲ್ಲಿ ಪ್ರಕಟವಾದ ಜೋಡಿ ಮಿಂಡೆಲ್ ಮತ್ತು ಸಂಗಡಿಗರ ಅಧ್ಯಯನದಲ್ಲಿ 14 ದೇಶಗಳ 10 ಸಾವಿರಕ್ಕೂ ಹೆಚ್ಚು ತಾಯಂದಿರನ್ನು ವಿಚಾರಿಸಲಾಗಿತ್ತು. ದಿನವೂ ಒಂದೇ ಕ್ರಮದಲ್ಲಿ ಮಲಗಿಸುವ ರೂಢಿ ಇರುವ ಮನೆಗಳಲ್ಲಿ ಮಕ್ಕಳು ಬೇಗ ಮಲಗುತ್ತಾರೆ, ನಡುವೆ ಎಚ್ಚರವಾಗುವುದು ಕಡಿಮೆ, ನಿದ್ದೆ ಹೆಚ್ಚು. ವಾರದಲ್ಲಿ ಈ ಕ್ರಮ ಎಷ್ಟು ದಿನ ನಡೆದರೆ ಅಷ್ಟು ಲಾಭ. ಮೀಸುವುದು, ಎಣ್ಣೆ ತಿಕ್ಕುವುದು, ಜೋಗುಳ ಹಾಡುವುದು ನಮ್ಮ ಅಜ್ಜಿಯರು ಪಾಲಿಸಿದ ಕ್ರಮವೇ. ಆ ಸಾಲಿಗೆ ಪುಸ್ತಕ ಸೇರಬೇಕಷ್ಟೆ.

ಮಾತಿನ ವಿಷಯಕ್ಕೆ 1988ರಲ್ಲಿ ಗ್ರೋವರ್ ವೈಟ್‌ಹರ್ಸ್ಟ್ ಅವರ ತಂಡ ಪ್ರಕಟಿಸಿದ ಪ್ರಯೋಗ ಪ್ರಸಿದ್ಧ. ಎರಡು ವರ್ಷದ ಆಸುಪಾಸಿನ ಮಕ್ಕಳ ತಂದೆ ತಾಯಿಗೆ, ಪುಸ್ತಕವನ್ನು ಸುಮ್ಮನೆ ಓದಿ ಮುಗಿಸದೆ 'ಇದೇನು ಮಾಡಾಕತ್ತೈತಿ?', 'ಮುಂದೇನಾಕ್ಕೈತಿ?' ಎಂಬಂಥ ಪ್ರಶ್ನೆ ಕೇಳುತ್ತಾ, ಮಗು ಹೇಳಿದ್ದನ್ನು ಬೆಳೆಸುತ್ತಾ ಓದಲು ಕಲಿಸಲಾಯಿತು. ಒಂದೇ ತಿಂಗಳಲ್ಲಿ ಆ ಮಕ್ಕಳು ಮಾತಿನ ಪರೀಕ್ಷೆಗಳಲ್ಲಿ ಉಳಿದವರಿಗಿಂತ ಮುಂದಿದ್ದರು. ಹೂಂ ಅನ್ನಿಸಿಕೊಂಡು ಕತೆ ಹೇಳಿದ ನಮ್ಮ ಅಜ್ಜಿಯರಿಗೆ ಈ ವಿಧಾನ ಹೊಸತೆನಿಸದು. ಅವರಿಗೆ ತರಬೇತಿ ಬೇಕಿಲ್ಲ, ಎದುರಿಗೆ ಚಿತ್ರವಿರುವ ಪುಸ್ತಕವೊಂದು ಬೇಕು.

ನಾನು ಒತ್ತಿ ಹೇಳಬಯಸುವ ಮಾತು ಇಲ್ಲಿದೆ. 2011ರ ಗಣತಿಯಲ್ಲಿ ಹಾವೇರಿ ಜಿಲ್ಲೆಯ ಸಾಕ್ಷರತೆ ಸುಮಾರು 77%, ಹೆಣ್ಣುಮಕ್ಕಳಲ್ಲಿ ಸುಮಾರು 70%. ಓದು ಬರೆಹ ಕಲಿಯದ ಹೆಂಗಸರಲ್ಲಿ ಬಹಳಷ್ಟು ಮಂದಿ ಇಂದು ಅಜ್ಜಿಯರಾಗಿದ್ದಾರೆ. ಅಕ್ಷರ ಬಾರದವರಿಂದ ಪುಸ್ತಕ ಓದಿಸುವುದು ಹೇಗೆಂದು ಯೋಜನೆ ಮಾಡುವವರು ಹಿಂಜರಿಯುತ್ತಾರೆ. ಆದರೆ ಚಿತ್ರಪುಸ್ತಕ ಅಕ್ಷರದ ಹಂಗಿಲ್ಲದೆಯೂ ತೆರೆದುಕೊಳ್ಳುತ್ತದೆ. ಚಿತ್ರ ನೋಡಿ ತನ್ನ ಕತೆ ಕಟ್ಟಬಲ್ಲ ಅಜ್ಜಿ, ಅಕ್ಷರಕ್ಕೆ ಅಂಟಿಕೊಂಡು ತಡವರಿಸುವ ಓದುಗರಿಗಿಂತ ಮಗುವಿಗೆ ಹೆಚ್ಚು ಕೊಡಬಲ್ಲಳು. ಮಾತಿಲ್ಲದ, ಬರೀ ಚಿತ್ರದ ಪುಸ್ತಕಗಳು ಈ ಜಿಲ್ಲೆಗೆ ಮೊದಲು ಬರಬೇಕು. ಮನೆಯಲ್ಲಿ ಉರ್ದು ಆಡುವ, ತಾಂಡಾಗಳಲ್ಲಿ ಲಂಬಾಣಿ ಆಡುವ ತಾಯಂದಿರೂ ಅವನ್ನು ತಮ್ಮ ಮಾತಿನಲ್ಲೇ ಓದಿ ಹೇಳಬಹುದು.

ನಮ್ಮ ಹಾಸಿಗೆಗೆ ಹೊಂದುವ ಪುಸ್ತಕ

ಮಲಗುವ ಹೊತ್ತಿನ ಪುಸ್ತಕಗಳಲ್ಲಿ ಜಗತ್ತೆಲ್ಲ ಬಲ್ಲ ಹೆಸರು ಮಾರ್ಗರೆಟ್ ವೈಸ್ ಬ್ರೌನ್ ಬರೆದು ಕ್ಲೆಮೆಂಟ್ ಹರ್ಡ್ ಚಿತ್ರಿಸಿದ 1947ರ ಪುಸ್ತಕ. ಮೊಲದ ಮರಿಯೊಂದು ಹಾಸಿಗೆಯಲ್ಲಿದ್ದು ಕೋಣೆಯ ಒಂದೊಂದು ವಸ್ತುವಿಗೂ, ಚಂದ್ರನಿಗೂ ವಿದಾಯ ಹೇಳುತ್ತದೆ. ಪುಟ ತಿರುವಿದಂತೆ ಕೋಣೆ ಕತ್ತಲಾಗುತ್ತಾ ಬರುತ್ತದೆ. ಕತೆ ಎಂಬಷ್ಟು ಕತೆಯೇ ಅಲ್ಲಿಲ್ಲ, ಲಯ ಮತ್ತು ಪುನರುಕ್ತಿ ಸೇರಿ ಉಸಿರನ್ನು ನಿಧಾನ ಮಾಡುತ್ತವೆ. ಜೋಗುಳದ ಗುಟ್ಟೂ ಇದೇ. ಜೋಗುಳ ಬಲ್ಲ ಕನ್ನಡಕ್ಕೆ ಈ ಪ್ರಕಾರ ಕಷ್ಟವಾಗಬಾರದು.

ಆದರೆ ಅಲ್ಲಿನ ಕೋಣೆ ಒಂಟಿ ಮಗುವಿನದು. ಇಲ್ಲಿ ಪಡಸಾಲೆಯಲ್ಲಿ ಅವ್ವ, ಅಪ್ಪ, ಅಕ್ಕ, ತಮ್ಮ, ಅಜ್ಜಿ ಒಂದೇ ಸಾಲಿನಲ್ಲಿ ಮಲಗುತ್ತಾರೆ. ಒಂದೇ ಟ್ಯೂಬ್‌ಲೈಟು, ಮೂರು ಮಕ್ಕಳ ಆರು ಕಣ್ಣು. ಆದ್ದರಿಂದ ಪುಸ್ತಕದ ಚಿತ್ರ ದೊಡ್ಡದಿರಬೇಕು, ಎರಡು ಪುಟಕ್ಕೂ ಹರಡಿರಬೇಕು, ಮಂದ ಬೆಳಕಲ್ಲೂ ಗುರುತು ಸಿಗಬೇಕು. ಹೊಲದಿಂದಲೋ ಮಿಲ್ಲಿನಿಂದಲೋ ಬಂದ ತಾಯಿಗೆ ಐದು ನಿಮಿಷದಲ್ಲಿ ಮುಗಿಯಬೇಕು, ಹದಿನಾರು ಪುಟದ ಒಂದು ಫಾರಂ ಸಾಕು. ಕೂಸಿನ ಎಂಜಲು, ಎಳೆದಾಟ ತಡೆಯುವ ದಪ್ಪ ರಟ್ಟಿನ ಹಾಳೆ ಇರಬೇಕು. ಕೊನೆಗೆ ನೀತಿ ಬೇಡ. ದಿನವಿಡೀ ಬೈಗುಳ, ಬುದ್ಧಿಮಾತು ಕೇಳಿದ ಮಗುವಿಗೆ ಮಲಗುವಾಗ ಬೇಕಾದದ್ದು ಅವ್ವನ ಪಕ್ಕ ಜಾಗವಿದೆ ಎಂಬ ಭರವಸೆ.

ಓದುವವರು ಯಾರೆಂಬುದನ್ನೂ ಯೋಚಿಸಬೇಕು. ಎಷ್ಟೋ ಮನೆಗಳಲ್ಲಿ ತಮ್ಮನನ್ನು ಮಲಗಿಸುವ ಹೊಣೆ ಮೂರನೆಯ, ನಾಲ್ಕನೆಯ ಇಯತ್ತೆಯ ಅಕ್ಕನದು. ಪುಟಕ್ಕೆರಡು ಸಾಲಿನ ಪುಸ್ತಕ ಅವಳಿಗೆ ಓದಿನ ಅಭ್ಯಾಸ, ತಮ್ಮನಿಗೆ ಕತೆ. ಶಾಲೆಯಲ್ಲಿ ತಪ್ಪಿದರೆ ನಗುವವರ ನಡುವೆ ತಡವರಿಸುವ ಹುಡುಗಿ, ಇಲ್ಲಿ ತಪ್ಪು ಹಿಡಿಯದ ಕೇಳುಗನ ಮುಂದೆ ಗಟ್ಟಿಯಾಗಿ ಓದುತ್ತಾಳೆ. 2021ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ನಿಪುಣ್ ಭಾರತ್ ಕಾರ್ಯಕ್ರಮ ಮೂರನೆಯ ಇಯತ್ತೆಯೊಳಗೆ ಅರ್ಥ ತಿಳಿದು ಓದಲು ಬರಬೇಕೆನ್ನುತ್ತದೆ. ಆ ಗುರಿಗೆ ಇದಕ್ಕಿಂತ ಖರ್ಚಿಲ್ಲದ ದಾರಿ ನನಗೆ ಕಾಣದು.

ಪುಸ್ತಕ ಎಲ್ಲಿ ನಿಲ್ಲುತ್ತಿದೆ

ಪೇಟೆಯ ಪುಸ್ತಕದಂಗಡಿಗಳಲ್ಲಿ ಮುಂದೆ ಕಾಣುವುದು ಪಠ್ಯ, ಗೈಡು, ನೋಟುಬುಕ್ಕು, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು. ಪುಟ್ಟ ಮಕ್ಕಳಿಗೆಂದು ಸಿಗುವುದು ಬಹುಪಾಲು ಅಕ್ಷರಮಾಲೆ, ಹಣ್ಣು, ಪ್ರಾಣಿಗಳ ಹೆಸರಿನ ಪುಸ್ತಕಗಳು. ಅವು ಮಗುವನ್ನು ಶಾಲೆಗೆ ಸಿದ್ಧಮಾಡುತ್ತವೆ, ಕತೆ ಹೇಳುವುದಿಲ್ಲ. 2023ರ ಜನವರಿ 6ರಿಂದ 8ರವರೆಗೆ ಹಾವೇರಿಯಲ್ಲಿ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಮಕ್ಕಳ ಕೈಹಿಡಿದ ತಂದೆ ತಾಯಿಗೆ ಪುಸ್ತಕ ಮಳಿಗೆಗಳ ಸಾಲು ಊರಲ್ಲೇ ಸಿಕ್ಕಿತು. ಅಂಥ ಜಾತ್ರೆ ಒಂದು ಜಿಲ್ಲೆಗೆ ಎಷ್ಟೋ ವರ್ಷಕ್ಕೊಮ್ಮೆ ಬರುತ್ತದೆ, ಕೂಸಿನ ಪುಸ್ತಕದ ವಯಸ್ಸು ನಾಲ್ಕೈದು ವರ್ಷದಲ್ಲಿ ಮುಗಿದುಹೋಗುತ್ತದೆ.

ಸರ್ಕಾರದ ಕಡೆ ಒಳ್ಳೆಯ ಕೆಲಸಗಳು ಆಗಿವೆ. 2020ರ ನವೆಂಬರ್ 14ರಂದು ಶುರುವಾದ 'ಓದುವ ಬೆಳಕು' ಕಾರ್ಯಕ್ರಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಆ ಗ್ರಂಥಾಲಯಗಳು ಇಂದು ಅರಿವು ಕೇಂದ್ರಗಳಾಗಿವೆ. ಅಂಗನವಾಡಿಗಳಲ್ಲಿ 'ಚಿಲಿಪಿಲಿ' ಚಟುವಟಿಕೆಗಳಿವೆ. 2023ರಲ್ಲಿ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ ಘೋಷಿಸಿದ 'ಕೂಸಿನ ಮನೆ'ಗಳು ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗೆ ಹಗಲಿನ ಆಸರೆ. ಧಾರವಾಡದಲ್ಲಿ ಮಕ್ಕಳ ಸಾಹಿತ್ಯ, ಕಲೆಗಳಿಗಾಗಿಯೇ ಕರ್ನಾಟಕ ಬಾಲವಿಕಾಸ ಅಕಾಡೆಮಿ ಇದೆ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೇ ಇದೆ.

ಇವೆಲ್ಲವೂ ಹಗಲಿನ ಏರ್ಪಾಡುಗಳು. ಪುಸ್ತಕ ಕಪಾಟಿನಲ್ಲಿರುತ್ತದೆ, ಸಂಜೆ ಬೀಗ ಬೀಳುತ್ತದೆ. ಹರಿದರೆ, ಕಳೆದರೆ ತಮ್ಮ ತಲೆಗೆ ಬರುತ್ತದೆಂಬ ಅಂಜಿಕೆಯಿಂದ ನೋಡಿಕೊಳ್ಳುವವರು ಬಣ್ಣದ ಪುಸ್ತಕಗಳನ್ನು ಮನೆಗೆ ಕೊಡಲು ಹಿಂಜರಿಯುತ್ತಾರೆ. ಅವರ ತಪ್ಪೆಂದು ಹೇಳುವಂತಿಲ್ಲ. ಹರಿದ ಪುಸ್ತಕವನ್ನು ನಷ್ಟವೆಂದು ಬರೆಯುವ ಲೆಕ್ಕಪತ್ರದ ಕ್ರಮ ಅವರನ್ನು ಹಾಗೆ ಕಟ್ಟಿಹಾಕಿದೆ.

ಮಾಡಬಹುದಾದದ್ದು

ಮೊದಲನೆಯದು, ರಾತ್ರಿಗೆ ಪುಸ್ತಕ ಎರವಲು ಕೊಡುವ ಪದ್ಧತಿ. ಪ್ರತಿ ಅಂಗನವಾಡಿ ಮತ್ತು ಕೂಸಿನ ಮನೆಯಲ್ಲಿ ಮಕ್ಕಳ ಸಂಖ್ಯೆಗಿಂತ ತುಸು ಹೆಚ್ಚು ಚಿತ್ರಪುಸ್ತಕವಿರಲಿ. ಸಂಜೆ ಕೂಸಿನ ಜೊತೆ ಒಂದು ಪುಸ್ತಕ ಬಟ್ಟೆಯ ಚೀಲದಲ್ಲಿ ಮನೆಗೆ ಹೋಗಲಿ, ಮರುದಿನ ಬದಲಾಗಲಿ. ಅರಿವು ಕೇಂದ್ರದಿಂದ ಅಕ್ಕ ತನ್ನ ಪುಸ್ತಕದ ಜೊತೆ ತಮ್ಮನದೊಂದನ್ನೂ ತರಲಿ. ವರ್ಷಕ್ಕೆ ಇಂತಿಷ್ಟು ಪುಸ್ತಕ ಸವೆಯುತ್ತವೆಂದು ಇಲಾಖೆ ಮೊದಲೇ ಒಪ್ಪಿಕೊಳ್ಳಲಿ. ಮಕ್ಕಳ ಪುಸ್ತಕ ಹರಿಯುವುದು ಅದು ಓದಲ್ಪಟ್ಟ ಗುರುತು.

ಎರಡನೆಯದು, ಆಸ್ಪತ್ರೆಯ ದಾರಿ. ಅಮೆರಿಕದ ಬಾಸ್ಟನ್‌ನಲ್ಲಿ 1989ರಲ್ಲಿ ವೈದ್ಯರು ತಪಾಸಣೆಗೆ ಬಂದ ಮಕ್ಕಳಿಗೆ ಪುಸ್ತಕ ಕೊಟ್ಟು, ಓದಿ ಹೇಳುವ ಬಗೆಯನ್ನು ತಂದೆ ತಾಯಿಗೆ ತೋರಿಸಲು ಶುರು ಮಾಡಿದರು. 1992ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಎಳೆಗೂಸುಗಳ ಮನೆಗೆ ಪುಸ್ತಕ ಕೊಡುವ ಇನ್ನೊಂದು ಯೋಜನೆ ಹುಟ್ಟಿತು. ನಮ್ಮಲ್ಲಿ ತಾಯಿ ಕಾರ್ಡು ಹಿಡಿದು ಲಸಿಕೆಗೆ ಬರುವ ಪ್ರತಿ ತಾಯಿಯೂ ಆಶಾ ಕಾರ್ಯಕರ್ತೆಗೆ ಪರಿಚಿತಳು. ಒಂಬತ್ತನೇ ತಿಂಗಳ ಲಸಿಕೆಯ ದಿನ ಒಂದು ರಟ್ಟಿನ ಪುಸ್ತಕ ಕೈಗಿಟ್ಟು, 'ಇದನ್ನ ತೋರಿಸಿ ದಿನಾ ರಾತ್ರಿ ಮಾತಾಡ್ಸವ್ವಾ' ಎಂದು ಹೇಳುವುದು ಅಸಾಧ್ಯವಲ್ಲ.

ಮೂರನೆಯದು, ಊರಿನ ಪುಸ್ತಕ ಊರ ಹತ್ತಿರವೇ ಅಚ್ಚಾಗಲಿ. ಮುದ್ರಣ ಕಾಶಿ ಎನಿಸಿಕೊಂಡ ಗದಗ ಪಕ್ಕದ ಜಿಲ್ಲೆ, ಹುಬ್ಬಳ್ಳಿಯೂ ಹತ್ತಿರ. ಮುಕ್ತ ಪರವಾನಗಿಯ ಚಿತ್ರಕತೆಗಳನ್ನು ಈ ಭಾಗದ ಆಡುಮಾತಿಗೆ ತಂದು ಮುದ್ರಿಸಲು ಯಾರ ಅಪ್ಪಣೆಗೂ ಕಾಯಬೇಕಿಲ್ಲ. ಅದರ ಜೊತೆಗೇ ಜಾನಪದ ವಿಶ್ವವಿದ್ಯಾಲಯ ಇಲ್ಲಿನ ಅಜ್ಜಿಯರಿಂದ ಮಲಗುವ ಹೊತ್ತಿನ ಕತೆ, ಜೋಗುಳಗಳನ್ನು ದನಿಮುದ್ರಿಸಿ, ಶಾಲೆಗಳ ಚಿತ್ರಕಲಾ ಶಿಕ್ಷಕರ ಕೈಯಲ್ಲಿ ಚಿತ್ರ ಬಿಡಿಸಿ ಹೊಸ ಪುಸ್ತಕ ಮಾಡಲಿ. ತೇಪೆಗೆ ತೇಪೆ ಸೇರಿಸಿ ಕೌದಿ ಹೊಲಿಯುವ ಅಜ್ಜಿಯ ಕತೆ, ಮೆಣಸಿನಕಾಯಿ ಕಣದಲ್ಲಿ ನಿದ್ದೆಹೋದ ಕೂಸಿನ ಕತೆ ಬೇರೆ ಜಿಲ್ಲೆಯವರು ಬರೆದುಕೊಡುವಂಥವಲ್ಲ.

ನಾಲ್ಕನೆಯದು, ಸಗಟು ಖರೀದಿಯಲ್ಲಿ ಆರು ವರ್ಷದೊಳಗಿನವರ ಚಿತ್ರಪುಸ್ತಕಕ್ಕೆ ಪ್ರತ್ಯೇಕ ದರ ಮತ್ತು ಪ್ರತ್ಯೇಕ ಪಾಲು ಇರಲಿ, ಬಹುಮಾನಗಳಲ್ಲಿ ಚಿತ್ರಕಾರರ ಹೆಸರು ಬರಹಗಾರರ ಪಕ್ಕದಲ್ಲೇ ಬರಲಿ. ಚಿತ್ರಪುಸ್ತಕದಲ್ಲಿ ಅರ್ಧ ಕತೆ ಹೇಳುವವರು ಅವರೇ.

ಇದೇ ಹಾವೇರಿ ನೆಲದಲ್ಲಿ 1869ರಲ್ಲಿ ಹುಟ್ಟಿದ ಗಳಗನಾಥರು ಕನ್ನಡ ಕಾದಂಬರಿಗೆ ಓದುಗರೇ ಇಲ್ಲವೆಂದಾಗ ಕೈಕಟ್ಟಿ ಕೂರಲಿಲ್ಲ. 1907ರಲ್ಲಿ ಅಗಡಿಯ ಆನಂದವನದಿಂದ ಹೊರಟ 'ಸದ್ಬೋಧ ಚಂದ್ರಿಕೆ'ಯಲ್ಲಿ ಬರೆದರು. ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಮರಾಠಿಯ ಮುಂದೆ ಕನ್ನಡ ಓದು ಸೊರಗಿದ್ದ ಕಾಲದಲ್ಲಿ ಅವರು ಹೀಗೆ ಒಂದು ಓದುಗ ವರ್ಗವನ್ನೇ ಕಟ್ಟಿದರು. ಓದುಗರು ಬಂದ ಮೇಲೆ ಪುಸ್ತಕ ಮಾಡೋಣ ಎಂದಿದ್ದರೆ ಅದು ಆಗುತ್ತಿರಲಿಲ್ಲ. ಅವರು ಹೊತ್ತದ್ದು ದೊಡ್ಡವರ ಪುಸ್ತಕ, ಈಗ ನಾವು ಒಯ್ಯಬೇಕಾದದ್ದು ಹದಿನಾರು ಪುಟದ ಹಗುರ ಪುಸ್ತಕ. ಅಂಗನವಾಡಿ ಇದೆ, ಪಂಚಾಯಿತಿ ಗ್ರಂಥಾಲಯವಿದೆ, ಮುದ್ರಣಾಲಯವಿದೆ, ಮುಕ್ತವಾಗಿ ಸಿಗುವ ಚಿತ್ರಕತೆಗಳಿವೆ, ಕತೆ ಬಲ್ಲ ಅಜ್ಜಿಯರು ಇನ್ನೂ ಇದ್ದಾರೆ. ಅಜ್ಜಿಯರು ಎಷ್ಟು ಕಾಲ ಇರುತ್ತಾರೆಂಬುದು ನಮ್ಮ ಕೈಯಲ್ಲಿಲ್ಲ. ಸಂಜೆ ಬೀಗ ಹಾಕುವ ಮೊದಲು ಒಂದು ಪುಸ್ತಕವನ್ನು ಕೂಸಿನ ಚೀಲಕ್ಕೆ ಹಾಕಿ ಕಳಿಸುವುದು ನಮ್ಮ ಕೈಯಲ್ಲಿದೆ. ಅದನ್ನು ಈ ವರ್ಷವೇ, ಒಂದು ತಾಲ್ಲೂಕಿನಲ್ಲಾದರೂ ಶುರು ಮಾಡಬೇಕು.